ಮೇಲಿನ ಮನೆಯ ಮೊಕದ್ದಮೆ

ನಮ್ಮ ಮೇಲಿನ ಮನೆಯಲ್ಲಿದ್ದವರು 2021ರ ಜುಲೈ ತಿಂಗಳಿನಿಂದ ಬಾಡಿಗೆ ಕೊಡುವುದನ್ನು ನಿಲ್ಲಿಸಿದರು. ಆ ಮನೆಯ ಸ್ವಾಧೀನ ನಮಗೆ ಮರಳಿ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ನಡುವಿನ ಮೂರು ವರ್ಷಕ್ಕೂ ಮೀರಿದ ಕಾಲವನ್ನು ಅವರು ಮೇಲೆ, ನಾವು ಕೆಳಗೆ, ಒಂದೇ ಗೇಟು ಮತ್ತು ಒಂದೇ ನೀರಿನ ತೊಟ್ಟಿಯನ್ನು ಬಳಸಿಕೊಂಡು, ನ್ಯಾಯಾಲಯದ ಕಾಗದಗಳಲ್ಲಿ ಮಾತ್ರ ವಾದಿ ಪ್ರತಿವಾದಿಗಳಾಗಿ ಕಳೆದೆವು. ವಾಯಿದೆಯ ದಿನ ಬೆಳಿಗ್ಗೆ ಅವರೂ ನಾವೂ ಒಂದೇ ಹೊತ್ತಿಗೆ ಗೇಟು ದಾಟಿ ಹೊರಟ ಸಂದರ್ಭಗಳೂ ಇವೆ. ‘ನಮಸ್ಕಾರ ಮೇಡಂ’ ಎನ್ನುವುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮರುನಮಸ್ಕಾರ ಹೇಳದೆ ಮುಖ ತಿರುಗಿಸಿಕೊಂಡು ಹೋಗುವುದು ನನಗೂ ಸಾಧ್ಯವಾಗಲಿಲ್ಲ.

ಅವರು ಬಂದದ್ದು 2017ರಲ್ಲಿ. ಮೊದಲ ನಾಲ್ಕು ವರ್ಷ ತಿಂಗಳ ಐದನೆಯ ತಾರೀಖು ದಾಟುವುದರೊಳಗೆ ಬಾಡಿಗೆ ನನ್ನ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿತ್ತು, ಆದ್ದರಿಂದ ಮೊದಲ ಸಲ ತಪ್ಪಿದಾಗ ನಾವು ಕೇಳುವುದಕ್ಕೇ ಸಂಕೋಚಪಟ್ಟೆವು. ವ್ಯಾಪಾರ ಕೆಟ್ಟಿದೆ, ಬರಬೇಕಾದ ಹಣ ಬಂದಿಲ್ಲ ಎಂದರು. ಅದು ಸುಳ್ಳೇನೂ ಆಗಿರಲಿಲ್ಲ. ಎರಡನೆಯ ತಿಂಗಳು ‘ಮುಂಗಡದಲ್ಲಿ ಮುರಿದುಕೊಳ್ಳಿ ಮೇಡಂ’ ಎಂಬ ಸಂದೇಶ ಬಂತು. ನಾನು ಹೂಂ ಎನ್ನಲೂ ಇಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ನಮ್ಮಲ್ಲಿದ್ದ ಮುಂಗಡ ಆರು ತಿಂಗಳ ಬಾಡಿಗೆಗೆ ಸಮನಾದದ್ದು, ಅದು ಡಿಸೆಂಬರಿನ ಹೊತ್ತಿಗೆ ಲೆಕ್ಕದಲ್ಲಿ ತೀರಿಹೋಯಿತು. ಮನೆ ಬಿಟ್ಟುಹೋಗುವಾಗ ಹಾನಿಗೆ, ವಿದ್ಯುತ್ ಬಾಕಿಗೆ ಆಧಾರವಾಗಿರಬೇಕಾಗಿದ್ದ ಹಣವನ್ನು ಹೀಗೆ ಮೌನದಿಂದಲೇ ಕರಗಿಸಿಕೊಂಡ ಮೇಲೆ, ನಮ್ಮ ಕೈಯಲ್ಲಿ ಉಳಿದದ್ದು ಅವರ ಮಾತು ಮಾತ್ರ. ಜನವರಿಯಲ್ಲಿ ಆ ಮಾತೂ ಬದಲಾಯಿತು. ‘ಕೋರ್ಟಿಗೆ ಬೇಕಾದರೆ ಹೋಗಿ, ನಾನೇನೂ ಬೇಡ ಎನ್ನುವುದಿಲ್ಲ’ ಎಂದು ಮೆಟ್ಟಿಲ ಮೇಲೆ ನಿಂತು, ದನಿ ಏರಿಸದೆಯೇ ಹೇಳಿದರು.

ನಾವು ಮೊದಲು ಹೋದದ್ದು ಪೊಲೀಸ್ ಠಾಣೆಗೆ. ಇದು ಸಿವಿಲ್ ವಿಚಾರ, ನಾವು ನಡುವೆ ಬರುವಂತಿಲ್ಲ ಎಂದು ಐದೇ ನಿಮಿಷದಲ್ಲಿ ಕಳುಹಿಸಿಕೊಟ್ಟರು, ಮತ್ತು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನೆಂಟರಿಷ್ಟರ ಸಲಹೆ ಬೇರೆಯ ಬಗೆಯದು: ಮೇಲಿನ ತೊಟ್ಟಿಗೆ ನೀರು ಏರಿಸಬೇಡಿ, ಫ್ಯೂಸ್ ಕಿತ್ತುಹಾಕಿ, ಅವರು ಊರಿಗೆ ಹೋದಾಗ ನಿಮ್ಮದೇ ಬೀಗ ಜಡಿಯಿರಿ. ಆ ದಿನಗಳಲ್ಲಿ ನೀರಿನ ಮೋಟಾರಿನ ಸ್ವಿಚ್ಚು ಒತ್ತುವಾಗಲೆಲ್ಲ ನನ್ನ ಬೆರಳು ಒಂದು ಕ್ಷಣ ತಡೆಯುತ್ತಿದ್ದುದು ನಿಜ. ಒತ್ತದೆ ಇದ್ದಿದ್ದರೆ ಏನಾಗುತ್ತಿತ್ತೆಂಬುದು ಆಮೇಲೆ ತಿಳಿಯಿತು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನ ಪ್ರಕಾರ, ಕಾನೂನಿನ ಕ್ರಮವನ್ನು ಬಿಟ್ಟು ಒಬ್ಬನನ್ನು ಅವನ ಒಪ್ಪಿಗೆಯಿಲ್ಲದೆ ಸ್ವತ್ತಿನಿಂದ ಹೊರಹಾಕಿದರೆ, ಅವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಹೊರಹಾಕಿದವನು ಮಾಲೀಕನೇ ಆಗಿದ್ದರೂ ಆ ದಾವೆಯಲ್ಲಿ ಅದು ಉತ್ತರವಾಗುವುದಿಲ್ಲ. ಬೀಗ ಜಡಿದೋ, ನೀರು, ವಿದ್ಯುತ್ತು ಕಡಿದೋ ಅವರನ್ನು ಹೊರಹಾಕಿದ್ದರೆ ಮೊದಲ ದಾವೆ ನಮ್ಮದಾಗದೆ ಅವರದಾಗುತ್ತಿತ್ತು, ಮತ್ತು ನಾವು ತಪ್ಪಿತಸ್ಥರ ಜಾಗದಲ್ಲಿ ನಿಂತು ಶುರುಮಾಡಬೇಕಾಗುತ್ತಿತ್ತು. ವಿದ್ಯುತ್ತಿನ ಆರ್.ಆರ್. ನಂಬರು ನನ್ನ ಹೆಸರಿನಲ್ಲೇ ಇದ್ದುದರಿಂದ, ಅವರು ಕಟ್ಟದೆ ಬಿಟ್ಟ ಬಿಲ್ಲುಗಳನ್ನು ನಾನೇ ಕಟ್ಟಿ ರಸೀದಿಗಳನ್ನು ತೆಗೆದಿರಿಸಿಕೊಳ್ಳತೊಡಗಿದೆ.

ವಕೀಲರ ಬಳಿಗೆ ಹೋದಾಗ ನನ್ನ ಕೈಯಲ್ಲಿ ಒಂದು ನೋಟ್‌ಪುಸ್ತಕವಿತ್ತು. ಯಾವ ದಿನ ಏನು ಹೇಳಿದರು, ಎಷ್ಟು ಸಲ ಮಾತು ತಪ್ಪಿದರು, ಬಾಡಿಗೆ ಕೊಡಲಾಗದ ತಿಂಗಳಲ್ಲೇ ಹೊಸ ಬೈಕು ಹೇಗೆ ಬಂತು ಎಂಬುದನ್ನೆಲ್ಲ ತಾರೀಖು ಸಮೇತ ಬರೆದಿದ್ದೆ. ಅವರು ಎರಡು ಪುಟ ಓದಿ ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು. ‘ಅಮ್ಮಾ, ಬಾಡಿಗೆ ಕೊಟ್ಟಿಲ್ಲ ಅನ್ನೋದು ಬಾಕಿ ವಸೂಲಿಗೆ ಬೇಕು. ಮನೆ ಬಿಡಿಸೋದಕ್ಕೆ ಬೇಕಾಗಿರೋದು ಎರಡೇ. ಅವರು ನಿಮ್ಮ ಬಾಡಿಗೆದಾರರು ಅನ್ನೋದು, ಆ ಬಾಡಿಗೆಯನ್ನ ನೀವು ಕ್ರಮವಾಗಿ ಕೊನೆಗೊಳಿಸಿದ್ದೀರಿ ಅನ್ನೋದು. ಕರಾರು ಪತ್ರ ತೋರಿಸಿ’ ಎಂದರು. ಇಡೀ ಪ್ರಕರಣ ನಡೆದದ್ದು ಆ ಎರಡು ವಿಷಯಗಳ ಸುತ್ತಲೇ. ಅವರು ಒಳ್ಳೆಯವರೋ ಕೆಟ್ಟವರೋ, ಅವರ ಕಷ್ಟ ನಿಜವೋ ನಾಟಕವೋ ಎಂಬುದನ್ನು ಯಾರೂ, ಎಂದೂ, ಎಲ್ಲಿಯೂ ಕೇಳಲಿಲ್ಲ. ಇದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು, ಅರ್ಥವಾದ ಮೇಲೂ ಒಳಗೊಳಗೇ ಒಪ್ಪಿಗೆಯಾಗಲಿಲ್ಲ.

ಕರಾರು ಪತ್ರವನ್ನು ನೋಡಿದ ಮೇಲೆ ವಕೀಲರ ಮುಖ ಸ್ವಲ್ಪ ಸಪ್ಪಗಾಯಿತು. ಮನೆಯ ಕ್ರಯಪತ್ರ, ಖಾತೆ ಎರಡೂ ನನ್ನ ಹೆಸರಿನಲ್ಲಿವೆ. ಕರಾರಿಗೆ ಮಾಲೀಕರೆಂದು ಸಹಿ ಹಾಕಿದವರು ನನ್ನ ಯಜಮಾನರು. ಆ ದಿನ ನಾನು ಶಾಲೆಯಲ್ಲಿದ್ದೆ, ಬಂದವರನ್ನು ಕಾಯಿಸುವುದೇಕೆ ಎಂದು ಇವರು ಸಹಿ ಮಾಡಿ ಕೊಟ್ಟಿದ್ದರು. ಎಲ್ಲರಂತೆ ನಮ್ಮದೂ ಹನ್ನೊಂದು ತಿಂಗಳ ಕರಾರು, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದು 2018ರಲ್ಲಿ ಮುಗಿದ ಮೇಲೆ ನವೀಕರಿಸಿರಲಿಲ್ಲ, ಬಾಡಿಗೆ ಹೆಚ್ಚಿಸಿದ್ದೂ ಬಾಯಿಮಾತಿನಲ್ಲಿ. ಮುದ್ರಾಂಕ ಶುಲ್ಕವೂ ಕಡಿಮೆಯಾಗಿತ್ತು. ಕರಾರಿನ ಅವಧಿ ಮುಗಿದರೂ ಬಾಡಿಗೆದಾರರು ಮುಂದುವರಿದು, ಮಾಲೀಕರು ಬಾಡಿಗೆ ಪಡೆಯುತ್ತಲೇ ಇದ್ದರೆ ಅದು ತಿಂಗಳಿನಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಆದ್ದರಿಂದ ಕರಾರು ಮುಗಿದದ್ದೇ ದೊಡ್ಡ ದೋಷವಲ್ಲ, ಆದರೆ ಯಾರು ಮಾಲೀಕರು ಎಂಬ ಪ್ರಶ್ನೆಯನ್ನು ಎದುರು ಪಕ್ಷ ಬಿಡುವುದಿಲ್ಲ ಎಂದು ಅವರು ಅಂದೇ ಹೇಳಿದರು. ಅದಕ್ಕಾಗಿ ನೋಟಿಸನ್ನೂ ದಾವೆಯನ್ನೂ ನಮ್ಮಿಬ್ಬರ ಹೆಸರಿನಲ್ಲಿ ಕೊಡುವುದೆಂದು ತೀರ್ಮಾನವಾಯಿತು.

ಯಾವ ಕಾನೂನು ಎಂಬುದೂ ಆಗಲೇ ತಿಳಿದದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಂಬುದೊಂದಿದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ, ಹಾಗಾಗಿ ನಮಗೂ ಅದೇ ಅನ್ವಯವಾಗುತ್ತದೆಂದು ನಾನು ಭಾವಿಸಿದ್ದೆ. ಆದರೆ ಆ ಕಾಯ್ದೆಗೆ ಬಾಡಿಗೆಯ ಮಿತಿಯಿದೆ: ಅದರ ಪಟ್ಟಿಯಲ್ಲಿ ಹೆಸರಿಸಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ಅದನ್ನು ಮೀರಿದ ಬಾಡಿಗೆಯ ಮನೆಗಳು ಹೊರಗುಳಿಯುತ್ತವೆ, ಮತ್ತು ಇಂದಿನ ದಿನಗಳಲ್ಲಿ ಹೊರಗುಳಿಯದ ಮನೆಗಳೇ ಅಪರೂಪ. ನಮ್ಮ ಸಂಬಂಧವನ್ನು ಆಳುತ್ತಿದ್ದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೆಯ ಕಲಮಿನಡಿ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ಲಿಖಿತ ನೋಟಿಸು ಸಾಕು, ಕಾರಣವನ್ನೂ ಕೊಡಬೇಕಾಗಿಲ್ಲ. ಹಿಂದೆ ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕಾಗಿತ್ತಂತೆ, ಒಂದು ದಿನ ಹೆಚ್ಚುಕಡಿಮೆಯಾಗಿ ಎಷ್ಟೋ ದಾವೆಗಳು ಬಿದ್ದುಹೋಗಿವೆಯಂತೆ. 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿ, ನೋಟಿಸು ತಲುಪಿದ ದಿನದಿಂದ ಹದಿನೈದು ದಿನ ಎಣಿಸುವಂತೆ ಮಾಡಿದೆ.

2022ರ ಫೆಬ್ರವರಿಯಲ್ಲಿ ನೋಟಿಸು ಹೊರಟಿತು, ಒಂದು ಪ್ರತಿ ಮನೆಯ ವಿಳಾಸಕ್ಕೆ, ಇನ್ನೊಂದು ಅವರ ವ್ಯಾಪಾರದ ವಿಳಾಸಕ್ಕೆ, ಎರಡೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ. ಮನೆಯ ವಿಳಾಸಕ್ಕೆ ಬಂದ ಅಂಚೆಯವನು ಮೆಟ್ಟಿಲು ಹತ್ತುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲು ಬಡಿದ ಸದ್ದು ಕೇಳಿತು, ಮೇಲೆ ನಡೆಯುತ್ತಿದ್ದ ಟಿವಿಯ ಸದ್ದು ಥಟ್ಟನೆ ನಿಂತಿತು. ಮತ್ತೆರಡು ಸಲ ಬಡಿದು ಅವನು ಇಳಿದುಹೋದ. ಹತ್ತು ದಿನಗಳ ಬಳಿಕ ಆ ಲಕೋಟೆ ‘ಬಾಗಿಲು ಮುಚ್ಚಿತ್ತು, ಸೂಚನೆ ನೀಡಲಾಗಿದೆ’ ಎಂಬ ಷರಾದೊಂದಿಗೆ ವಕೀಲರ ಕಚೇರಿಗೆ ಹಿಂದಿರುಗಿತು. ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಪತ್ರ ತಲುಪಿದೆಯೆಂದೇ ಭಾವಿಸಲು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೆಯ ಕಲಂ ಅವಕಾಶ ಕೊಡುತ್ತದೆ. ಆದರೂ ಇನ್ನೊಂದು ಪ್ರತಿಯನ್ನು ಅಂಗಡಿಯ ಹುಡುಗ ಸಹಿ ಹಾಕಿ ಪಡೆದಿದ್ದ ಸ್ವೀಕೃತಿ ಚೀಟಿ ಕೈಗೆ ಬಂದಾಗ ವಕೀಲರು ಅದನ್ನು ಎರಡು ಸಲ ತಿರುಗಿಸಿ ನೋಡಿ, ಕಡತದೊಳಗೆ ಬೇರೆಯೇ ಒಂದು ಕವರಿನಲ್ಲಿಟ್ಟರು.

ಗಡುವು ಮುಗಿದ ವಾರದಲ್ಲಿ ನಾವು ಎಣಿಸದ ಒಂದು ಸಂಗತಿ ನಡೆಯಿತು. ಎಂಟು ತಿಂಗಳ ಮೇಲೆ ಮೊದಲ ಬಾರಿಗೆ ನನ್ನ ಖಾತೆಗೆ ಒಂದು ತಿಂಗಳ ಬಾಡಿಗೆ ಬಂದು ಬಿತ್ತು, ವಿವರದಲ್ಲಿ ‘ಮಾರ್ಚ್ ಬಾಡಿಗೆ’ ಎಂದು ಬರೆದಿತ್ತು. ನಾನು ಸಂತೋಷದಿಂದ ವಕೀಲರಿಗೆ ಫೋನು ಮಾಡಿದರೆ ಅವರು ಗಾಬರಿಯಾದರು. ನೋಟಿಸು ಕೊಟ್ಟು ಬಾಡಿಗೆಯನ್ನು ಮುಗಿಸಿದ ಮೇಲೆ ಮುಂದಿನ ಅವಧಿಗೆ ಬಾಡಿಗೆಯನ್ನು ಬಾಡಿಗೆಯೆಂದೇ ಪಡೆದರೆ, ನೋಟಿಸನ್ನು ನಾವೇ ಬಿಟ್ಟುಕೊಟ್ಟಂತೆ ಆಗಬಹುದು; ಅದೇ ಕಾಯ್ದೆಯ 113ನೆಯ ಕಲಮಿನ ಕೆಳಗೆ ಕೊಟ್ಟಿರುವ ಮೊದಲ ಉದಾಹರಣೆಯೇ ಇಂಥದ್ದು. ಬಾಡಿಗೆ ಕೊಡದಿದ್ದಾಗ ಆದ ನಷ್ಟ ಒಂದಾದರೆ, ಕೊಟ್ಟು ಮಾಡುವ ತೊಡಕು ಇನ್ನೊಂದು. ಅವರಿಗೆ ಯಾರೋ ಸಲಹೆ ಕೊಟ್ಟಿದ್ದರೋ, ಇಲ್ಲವೇ ನೋಟಿಸು ನೋಡಿ ನಿಜವಾಗಿ ಅಂಜಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಮರುದಿನವೇ, ಈ ಮೊತ್ತವನ್ನು ಹಳೆಯ ಬಾಕಿಗೆ ಜಮೆ ಮಾಡಿಕೊಂಡಿದ್ದೇವೆ, ಬಾಡಿಗೆಯ ಸಂಬಂಧ ನೋಟಿಸಿನೊಂದಿಗೆ ಮುಗಿದಿದೆ, ಈ ಪಾವತಿಯಿಂದ ಅದು ಮರಳಿ ಹುಟ್ಟುವುದಿಲ್ಲ ಎಂದು ಪತ್ರ ಬರೆದು ಮತ್ತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ಅದಾದ ಮೇಲೆ ಹಣ ಬರಲಿಲ್ಲ.

ದಾವೆ ದಾಖಲಾದದ್ದು ಏಪ್ರಿಲಿನಲ್ಲಿ. ತೆರವಿನ ಕೋರಿಕೆಗೆ ದಾವೆಗೆ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ, ಬಾಕಿಯ ಕೋರಿಕೆಗೆ ಬಾಕಿಯ ಮೊತ್ತದ ಮೇಲೆ ಕೋರ್ಟ್ ಫೀ ಲೆಕ್ಕಹಾಕುತ್ತಾರೆ. ನೋಟಿಸಿನ ಗಡುವಿನವರೆಗಿನದು ಬಾಡಿಗೆ ಬಾಕಿ, ಅದರ ನಂತರದ್ದು ಅಕ್ರಮವಾಗಿ ಉಳಿದುಕೊಂಡದ್ದಕ್ಕೆ ಕೊಡಬೇಕಾದ ಪರಿಹಾರ. ಹಣ ಒಂದೇ ಆದರೂ ಹೆಸರು ಬೇರೆ, ಹೆಸರು ತಪ್ಪಿದರೆ ವಾದವೇ ತಪ್ಪುತ್ತದೆ. ಬಾಡಿಗೆ ಬಾಕಿಗೆ ಕಾಲಮಿತಿ ಮೂರು ವರ್ಷ. ನಮ್ಮ ಪರಿಚಯದವರೊಬ್ಬರು ಐದು ವರ್ಷ ಸುಮ್ಮನಿದ್ದು ಮೊದಲ ಎರಡು ವರ್ಷಗಳ ಬಾಕಿಯನ್ನು ಕೇಳುವ ಹಕ್ಕನ್ನೇ ಕಳೆದುಕೊಂಡಿದ್ದರು, ಆ ಲೆಕ್ಕದಲ್ಲಿ ನಾವು ಬೇಗನೇ ಎಚ್ಚೆತ್ತವರು.

ಸಮನ್ಸು ಜಾರಿಗೇ ನಾಲ್ಕು ತಿಂಗಳು ಹಿಡಿಯಿತು. ಪ್ರಕರಣಕ್ಕೆ ಕೊಡುವ ಹದಿನಾರು ಅಕ್ಷರ ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ದಿನಾಂಕ ಕಾಣುತ್ತದೆ; ‘ಸಮನ್ಸು ಜಾರಿಯಾಗದೆ ಹಿಂದಿರುಗಿದೆ’ ಎಂಬ ಸಾಲನ್ನು ಆ ಪರದೆಯಲ್ಲಿ ನಾನು ಮೂರು ಸಲ ಓದಿದೆ. ಕೊನೆಗೆ ನ್ಯಾಯಾಲಯದ ಆದೇಶದ ಮೇರೆಗೆ, ಅದರ ಆದೇಶಗಳನ್ನು ಜಾರಿ ಮಾಡುವ ನೌಕರರಾದ ಅಮೀನರು ಬಂದು ಮೇಲಿನ ಮನೆಯ ಬಾಗಿಲಿಗೆ ಸಮನ್ಸನ್ನು ಅಂಟಿಸಿ, ಅಕ್ಕಪಕ್ಕದವರಿಬ್ಬರ ಸಹಿ ಪಡೆದು ಹೋದರು. ಸಂಜೆಯೊಳಗೆ ಕಾಗದ ಕಾಣೆಯಾಗಿತ್ತು, ಅಂಟಿನ ನಾಲ್ಕು ಮೂಲೆಗಳು ಮಾತ್ರ ಬಾಗಿಲ ಮೇಲೆ ಉಳಿದಿದ್ದವು. ಮುಂದಿನ ವಾಯಿದೆಗೆ ಅವರ ಪರವಾಗಿ ವಕಾಲತ್ತು ದಾಖಲಾಯಿತು.

ಪ್ರತಿವಾದಿಯ ಲಿಖಿತ ಉತ್ತರವಾದ ಕೈಫಿಯತ್ತನ್ನು ಸಲ್ಲಿಸಲು ಮೂವತ್ತು ದಿನ, ನ್ಯಾಯಾಲಯ ಒಪ್ಪಿದರೆ ತೊಂಬತ್ತು ದಿನಗಳವರೆಗೆ ವಿಸ್ತರಣೆ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಎಂಬತ್ತೆಂಟನೆಯ ದಿನಕ್ಕೆ ಅದು ಬಂತು. ಅದನ್ನು ಮನೆಗೆ ತಂದು ರಾತ್ರಿ ಓದುವಾಗ, ಅದರಲ್ಲಿ ವರ್ಣಿತವಾದ ಮನೆಯೊಡತಿ ನಾನೇ ಎಂದು ನಂಬುವುದು ಕಷ್ಟವಾಯಿತು. ವಾದಿಯು ಯಾರೆಂಬುದೇ ಪ್ರತಿವಾದಿಗೆ ತಿಳಿಯದು, ಕರಾರು ಮಾಡಿಕೊಂಡದ್ದು ಅವರ ಗಂಡನೊಂದಿಗೆ. ಕೊಟ್ಟ ಮುಂಗಡ ಕರಾರಿನಲ್ಲಿ ಬರೆದದ್ದರ ಎರಡರಷ್ಟು, ಅರ್ಧ ಭಾಗ ನಗದಾಗಿ ಕೊಟ್ಟದ್ದು. ಸೋರುತ್ತಿದ್ದ ತಾರಸಿಯನ್ನು ಪ್ರತಿವಾದಿಯೇ ದುರಸ್ತಿ ಮಾಡಿಸಿದ್ದು, ಆ ಖರ್ಚು ಬಾಡಿಗೆಯಲ್ಲಿ ವಜಾ ಆಗಬೇಕೆಂದು ಬಾಯಿಮಾತಿನ ಒಪ್ಪಂದವಾಗಿದ್ದು. ನೋಟಿಸು ತಲುಪಿಯೇ ಇಲ್ಲ. ಹೀಗೆ ಹನ್ನೊಂದು ಪುಟ. ಬಾಡಿಗೆಗೆ ಬಂದವರು ಬಾಡಿಗೆಯ ಆರಂಭದಲ್ಲಿ ಮಾಲೀಕರಿಗಿದ್ದ ಹಕ್ಕನ್ನು ಆಮೇಲೆ ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 116ನೆಯ ಕಲಂ ಹೇಳುತ್ತಿತ್ತು, ನಮ್ಮ ಪ್ರಕರಣದ ಸಾಕ್ಷ್ಯ ನಡೆದದ್ದು ಆ ಕಾಯ್ದೆ ಜಾರಿಯಲ್ಲಿದ್ದಾಗಲೇ. ಆದರೆ ಕರಾರಿನಲ್ಲಿ ಮಾಲೀಕರೆಂದಿದ್ದವರು ನನ್ನ ಯಜಮಾನರು, ಕ್ರಯಪತ್ರದಲ್ಲಿ ಇದ್ದವಳು ನಾನು. ಇಬ್ಬರೂ ವಾದಿಗಳಾಗಿದ್ದುದೇ ಆ ಸೀಳಿನ ಮೇಲೆ ಹಾಕಿದ ತೇಪೆ.

2023ರ ಜನವರಿಯಲ್ಲಿ ರಾಜಿಯ ಮಾತು ಒಮ್ಮೆ ಬಂತು. ಬಾಕಿಯನ್ನೆಲ್ಲ ಬಿಟ್ಟುಕೊಟ್ಟರೆ ನಾಲ್ಕು ತಿಂಗಳೊಳಗೆ ಮನೆ ಬಿಡುತ್ತೇನೆಂದು ಅವರು ಮಧ್ಯಸ್ಥಿಕೆಯ ಕೊಠಡಿಯಲ್ಲಿ ಹೇಳಿದರು. ಯಜಮಾನರಿಗೆ ಒಪ್ಪಿಗೆಯಿತ್ತು. ಹನ್ನೊಂದು ಪುಟಗಳ ಆ ಕೈಫಿಯತ್ತು ನನ್ನ ತಲೆಯಲ್ಲಿ ಕುಳಿತಿದ್ದುದರಿಂದ ನಾನೇ ಬೇಡವೆಂದೆ. ಅಲ್ಲಿ ರಾಜಿಯಾಗಿದ್ದರೆ ಕಟ್ಟಿದ ಕೋರ್ಟ್ ಫೀ ಕೂಡ ಹಿಂದಿರುಗುತ್ತಿತ್ತು, ಮನೆ ಮೇ ತಿಂಗಳಿಗೆ ಸಿಗುತ್ತಿತ್ತು. ನನ್ನ ‘ಬೇಡ’ ನಮಗೆ ಹದಿನಾರು ತಿಂಗಳ ಬಾಡಿಗೆಯ ಬೆಲೆಗೆ ಬಿತ್ತು. ಸರಿಯಾದದ್ದನ್ನೇ ಮಾಡಿದೆನೆಂದು ಆಗ ಅನ್ನಿಸಿತ್ತು, ಲೆಕ್ಕ ಹಾಕಿದಾಗ ಹಾಗೆ ಅನ್ನಿಸುವುದಿಲ್ಲ.

ಸಾಕ್ಷ್ಯದ ಹಂತದಲ್ಲಿ ಮೊದಲು ಎಡವಿದ್ದು ಕರಾರು ಪತ್ರವೇ. ಅದನ್ನು ನಿಶಾನೆ ಮಾಡಲು, ಅಂದರೆ ಸಾಕ್ಷ್ಯವಾಗಿ ಗುರುತಿಸಿ ಸಂಖ್ಯೆ ಕೊಡಲು, ಮುಂದಿಟ್ಟಾಗ ಎದುರು ವಕೀಲರು ಮುದ್ರಾಂಕದ ಕೊರತೆಯ ಬಗ್ಗೆ ಆಕ್ಷೇಪಣೆ ಎತ್ತಿದರು. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಮೇಲಷ್ಟೇ ಅಂಥ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು. ಬಾಡಿಗೆ ಕೊಡದವರು ಅವರು, ದಂಡ ಕಟ್ಟಿದವರು ನಾವು. ‘ಮುಂಗಡದಲ್ಲಿ ಮುರಿದುಕೊಳ್ಳಿ’ ಎಂಬ ಸಂದೇಶ ಅವರೇ ನಮ್ಮ ಬಾಡಿಗೆದಾರರೆಂಬುದಕ್ಕೆ ಒಳ್ಳೆಯ ಆಧಾರವಾಗಿತ್ತು, ಆದರೆ ಫೋನಿನ ಪರದೆಯನ್ನು ಮುದ್ರಿಸಿ ತಂದರೆ ಸಾಲದು. ಅದರೊಂದಿಗೆ, ವಿದ್ಯುನ್ಮಾನ ದಾಖಲೆಗಳಿಗೆ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಕೇಳುತ್ತಿದ್ದ ಪ್ರಮಾಣಪತ್ರವೂ ಬೇಕಾಯಿತು.

ಎದುರು ವಕೀಲರ ಪಾಟೀ ಸವಾಲಿಗೆ ನಾನು ನಿಂತದ್ದು ಒಂದೂವರೆ ಗಂಟೆ. ಪ್ರಶ್ನೆಯೂ ಉತ್ತರವೂ ಸೇರಿ ಒಂದೇ ವಾಕ್ಯವಾಗಿ ಬೆರಳಚ್ಚಾಗುವ ರೀತಿಯನ್ನು ನಾನು ಮೊದಲ ಬಾರಿಗೆ ಕಂಡದ್ದು ಅಲ್ಲಿಯೇ. ‘ನಿಶಾನೆ ಪಿ-1ಕ್ಕೆ ನಾನು ಸಹಿ ಮಾಡಿಲ್ಲ ಎಂದರೆ ಸರಿ. ಆದ್ದರಿಂದ ನಾನು ಮಾಲೀಕಳಲ್ಲ ಎಂದರೆ ಸರಿಯಲ್ಲ. ಪ್ರತಿವಾದಿಯು ತಾರಸಿ ದುರಸ್ತಿ ಮಾಡಿಸಿದ್ದಾರೆ ಎಂದರೆ ಸರಿ. ಅದರ ಖರ್ಚನ್ನು ಬಾಡಿಗೆಯಲ್ಲಿ ವಜಾ ಮಾಡಲು ನಾನು ಒಪ್ಪಿದ್ದೆ ಎಂದರೆ ಸರಿಯಲ್ಲ.’ ದುರಸ್ತಿ ಮಾಡಿಸಿದ್ದು ನಿಜ, ಅದರ ಹಣವನ್ನು ನಾವು ಆಗಲೇ ಕೊಟ್ಟಿದ್ದೂ ನಿಜ. ಆದರೆ ಕೇಳಿದ್ದಕ್ಕಷ್ಟೇ ಉತ್ತರಿಸಿ ಎಂದು ನಮ್ಮ ವಕೀಲರು ಎಚ್ಚರಿಸಿದ್ದರು, ಹಾಗಾಗಿ ನಾನು ಸುಮ್ಮನಾದೆ. ನೀರು ನಿಲ್ಲಿಸಿ ಕಿರುಕುಳ ಕೊಟ್ಟಿದ್ದೀರಿ ಎಂಬ ಸೂಚನೆ ಬಂದಾಗ ಮಾತ್ರ ಮೋಟಾರಿನ ಸ್ವಿಚ್ಚಿನ ಮುಂದೆ ತಡೆದ ನನ್ನ ಬೆರಳು ನೆನಪಾಗಿ, ‘ಸರಿಯಲ್ಲ’ ಎನ್ನುವಾಗ ದನಿ ಸ್ವಲ್ಪ ಹೆಚ್ಚೇ ಗಟ್ಟಿಯಾಯಿತು. ನ್ಯಾಯಾಧೀಶರು ತಲೆಯೆತ್ತಿ ನೋಡಿದರು. ಮಾಲೀಕತ್ವದ ಪ್ರಶ್ನೆಯನ್ನು ಕೊನೆಗೆ ಬಗೆಹರಿಸಿದ್ದು ಬ್ಯಾಂಕಿನ ಪಾಸ್‌ಬುಕ್ಕು. ನಾನು ಯಾರೆಂದು ತಿಳಿಯದವರು ನಲವತ್ತೆಂಟು ತಿಂಗಳು ನನ್ನ ಖಾತೆಗೇ ಬಾಡಿಗೆ ಕಟ್ಟಿದ್ದರು. ಹೆಚ್ಚುವರಿ ಮುಂಗಡವನ್ನು ಸಾಬೀತುಪಡಿಸುವ ಹೊಣೆ ಅದನ್ನು ಹೇಳಿದವರ ಮೇಲೆಯೇ ಇತ್ತು, ಅವರಲ್ಲಿ ರಸೀದಿ ಇರಲಿಲ್ಲ.

ನಡುವೆ ವಾಯಿದೆಗಳು ಬರುತ್ತಲೇ ಇದ್ದವು: ವಕೀಲರಿಗೆ ಅನಾರೋಗ್ಯ, ನ್ಯಾಯಾಧೀಶರ ವರ್ಗಾವಣೆ, ಸಾಕ್ಷಿ ಗೈರು. ಅವುಗಳ ಬಗ್ಗೆ ಹೇಳುವುದೇನೂ ಇಲ್ಲ. ಬಾರದ ಬಾಡಿಗೆಗೂ ತೆರಿಗೆ ಕಟ್ಟಬೇಕೇ ಎಂಬ ಆತಂಕವೊಂದಿತ್ತು. ಬಾಡಿಗೆ ವ್ಯವಹಾರ ನೈಜವಾಗಿದ್ದು, ಬಾಡಿಗೆದಾರರನ್ನು ಬಿಡಿಸಲು ಕ್ರಮ ಕೈಗೊಂಡಿದ್ದು, ವಸೂಲಿಗೆ ಕಾನೂನು ಕ್ರಮಗಳನ್ನೂ ನಡೆಸಿದ್ದರೆ ವಸೂಲಾಗದ ಬಾಡಿಗೆಯನ್ನು ಆದಾಯದಿಂದ ಬಿಡಲು ಆದಾಯ ತೆರಿಗೆ ನಿಯಮಗಳ 4ನೆಯ ನಿಯಮ ಅವಕಾಶ ಕೊಟ್ಟಿತ್ತು. ದಾವೆಯ ಪ್ರತಿ ಅಲ್ಲಿಯೂ ಕೆಲಸಕ್ಕೆ ಬಂತು.

2023ರ ನವೆಂಬರಿನಲ್ಲಿ ತೀರ್ಪು ನಮ್ಮಂತೆ ಆಯಿತು. ಎರಡು ತಿಂಗಳೊಳಗೆ ಸ್ವಾಧೀನ ಬಿಟ್ಟುಕೊಡಬೇಕು, ಮುಂಗಡವನ್ನು ಕಳೆದು ಉಳಿದ ಬಾಕಿಯನ್ನೂ, ಮನೆ ಬಿಡುವವರೆಗಿನ ಪರಿಹಾರವನ್ನೂ ಕೊಡಬೇಕು. ಗೆದ್ದೆವೆಂದು ನಾನು ಅಂದುಕೊಂಡರೆ ವಕೀಲರು ಅಂದೇ ಕೇವಿಯಟ್ ಅರ್ಜಿಗೆ ಸಹಿ ಕೇಳಿದರು. ಮೇಲಿನ ನ್ಯಾಯಾಲಯ ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡದಂತೆ ಮಾಡುವ ಆ ಅರ್ಜಿಯ ಆಯಸ್ಸು ತೊಂಬತ್ತು ದಿನ. ಅವರು ಅರವತ್ತನೆಯ ದಿನದ ಆಸುಪಾಸಿನಲ್ಲಿ ತೀರ್ಪನ್ನು ಪ್ರಶ್ನಿಸಿದರು. ತೆರವಿನ ಡಿಕ್ರಿಗೆ, ಅಂದರೆ ತೀರ್ಪಿನಂತೆ ಹೊರಡುವ ವಿಧ್ಯುಕ್ತ ಆದೇಶಕ್ಕೆ, ತಡೆ ಬೇಕೆನ್ನುವವರು ಆ ತಡೆಯಿಂದ ಮಾಲೀಕರಿಗಾಗುವ ನಷ್ಟವನ್ನು ತುಂಬಿಕೊಡುವ ಷರತ್ತಿಗೆ ಒಳಪಡಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ನಮ್ಮ ವಿಷಯದಲ್ಲಿಯೂ ಬಾಕಿಯನ್ನು ನಿಗದಿತ ದಿನದೊಳಗೆ ಠೇವಣಿ ಇಡಬೇಕೆಂಬ ಷರತ್ತಿನ ಮೇಲೆ ತಡೆ ಸಿಕ್ಕಿತು. ಅವರು ಠೇವಣಿ ಇಡಲಿಲ್ಲ, ಎರಡು ಸಲ ಸಮಯ ಕೇಳಿದರು, ಮೂರನೆಯ ಸಲ ತಡೆ ತೆರವಾಯಿತು.

ಡಿಕ್ರಿ ಎಂಬುದು ಕಾಗದ, ಅದನ್ನು ಮನೆಯಾಗಿ ಬದಲಿಸಲು ಅಮಲ್‌ಜಾರಿ ಅರ್ಜಿ ಎಂಬ ಇನ್ನೊಂದು ಪ್ರಕರಣವನ್ನೇ ಹೂಡಬೇಕು. ಅಮಲ್‌ಜಾರಿಯನ್ನು ಅರ್ಜಿ ಸಲ್ಲಿಸಿದ ಆರು ತಿಂಗಳೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲಿನಲ್ಲಿ ರಾಹುಲ್ ಎಸ್. ಷಾ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿದ್ದುದು ನಮಗೆ ನೆರವಾಯಿತು, ಪ್ರತಿ ವಾಯಿದೆಯಲ್ಲೂ ನಮ್ಮ ವಕೀಲರು ಅದನ್ನು ನೆನಪಿಸುತ್ತಿದ್ದರು. ಜುಲೈನಲ್ಲಿ ಸ್ವಾಧೀನದ ವಾರಂಟು ಹಿಡಿದು ಬಂದ ಅಮೀನರು, ಬಾಗಿಲಿಗೆ ಬೀಗ ಹಾಕಿದೆಯೆಂದು ವರದಿ ಬರೆದು ಹಿಂದಿರುಗಿದರು. ಬೀಗ ಒಡೆಯಲು ಮತ್ತು ಪೊಲೀಸ್ ನೆರವು ಪಡೆಯಲು ಪ್ರತ್ಯೇಕ ಅರ್ಜಿ, ಪ್ರತ್ಯೇಕ ಆದೇಶ. ಅಷ್ಟರೊಳಗೆ ಎರಡು ರಾತ್ರಿ ಮೇಲಿನಿಂದ ಸಾಮಾನು ಇಳಿಸುವ ಸದ್ದು ಕೇಳಿಸಿತು, ನಾವು ದೀಪ ಹಾಕದೆ ಕೇಳುತ್ತ ಮಲಗಿದ್ದೆವು.

ಸೆಪ್ಟೆಂಬರಿನ ಆ ಬೆಳಿಗ್ಗೆ ಅಮೀನರು, ಇಬ್ಬರು ಪೊಲೀಸರು, ಬೀಗ ಒಡೆಯುವವನು, ಪಂಚರಾಗಿ ಎದುರು ಮನೆಯ ಇಬ್ಬರು ಮೆಟ್ಟಿಲು ಹತ್ತಿದರು. ಬೀಗ ಮೂರು ಏಟಿಗೆ ಬಿತ್ತು. ಒಳಗೆ ಒಂದು ಹಾಸಿಗೆ, ಮುರಿದ ಕುರ್ಚಿ, ಕಟ್ಟು ಕಟ್ಟಿದ ಹಳೆಯ ಪತ್ರಿಕೆಗಳು. ಕರಾರಿನ ಕೊನೆಯ ಪುಟದ ಅನುಬಂಧದಲ್ಲಿ ಫ್ಯಾನು ನಾಲ್ಕು, ಗೀಸರು ಒಂದು, ಕನ್ನಡಿ ಎರಡು ಎಂದು ಯಜಮಾನರು ತಮ್ಮ ಕೈಬರಹದಲ್ಲಿ ಬರೆದಿದ್ದರು. ಏಳು ವರ್ಷಗಳಲ್ಲಿ ಆ ಪುಟವನ್ನು ಯಾರೂ ನೋಡಿರಲಿಲ್ಲ. ಅಮೀನರು ಅದನ್ನು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ, ಚಾವಣಿಯ ಕೊಕ್ಕೆಗಳಿಂದ ಜೋತಾಡುತ್ತಿದ್ದ ತಂತಿಗಳನ್ನು ಎಣಿಸಿ, ‘ಫ್ಯಾನು ಇಲ್ಲ, ನಾಲ್ಕು’ ಎಂದು ಮಹಜರಿನಲ್ಲಿ ಬರೆದರು. ಕನ್ನಡಿ ಎರಡೂ ಇದ್ದವು. ಸ್ವಾಧೀನ ಪಡೆದ ಬಗ್ಗೆ ಸಹಿ ಹಾಕಲು ಪೆನ್ನು ಕೊಟ್ಟಾಗ ಯಜಮಾನರು ಅಭ್ಯಾಸದಂತೆ ಮುಂದೆ ಬಂದು ಸಹಿ ಮಾಡಿದರು. ‘ಅಮ್ಮನವರದೂ ಬೇಕು ಸ್ವಾಮಿ, ಅವರೇ ಒಂದನೇ ಡಿಕ್ರಿದಾರರು’ ಎಂದು ಅಮೀನರು ಪೆನ್ನನ್ನು ಅವರ ಕೈಯಿಂದ ತೆಗೆದು ನನಗೆ ಕೊಟ್ಟರು.

ಹಣದ ಭಾಗ ಇನ್ನೂ ಉಳಿದಿದೆ. ಅವರು ಸಂಬಳದ ಕೆಲಸದಲ್ಲಿದ್ದಿದ್ದರೆ ತಿಂಗಳ ಸಂಬಳದಿಂದ ಮೊದಲ ಸಾವಿರ ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಬಿಟ್ಟು ಮಿಕ್ಕಿದ್ದನ್ನು ಜಪ್ತಿ ಮಾಡಿಸಬಹುದಾಗಿತ್ತು; ಅವರದು ಸ್ವಂತ ವ್ಯಾಪಾರ, ಅಂಗಡಿಯ ವಿಳಾಸವೂ ಬದಲಾಗಿದೆ. ಬಾಡಿಗೆ ಬರುತ್ತಿದ್ದ ಹಳೆಯ ಖಾತೆ ಮುಚ್ಚಿಹೋಗಿತ್ತು. ಜಪ್ತಿಗೆ ತೋರಿಸಲು ಏನಾದರೂ ಇದೆಯೇ ಎಂದು ವಕೀಲರು ನನ್ನ ಖಾತೆಯ ವಿವರಗಳನ್ನು ಮತ್ತೊಮ್ಮೆ ತಿರುವಿಹಾಕುವಾಗ, ನೋಟಿಸಿನ ಬಳಿಕ ಬಂದು ನಮ್ಮನ್ನು ಹೆದರಿಸಿದ್ದ ಆ ಒಂದೇ ಒಂದು ‘ಮಾರ್ಚ್ ಬಾಡಿಗೆ’ ಬೇರೆ ಬ್ಯಾಂಕಿನ ಬೇರೆ ಖಾತೆಯಿಂದ, ಅವರದೇ ವ್ಯಾಪಾರದ ಹೆಸರಿನಲ್ಲಿ ಬಂದಿದ್ದುದು ಕಂಡಿತು. ಆ ಬ್ಯಾಂಕಿಗೆ ನ್ಯಾಯಾಲಯದಿಂದ ನೋಟಿಸು ಹೋಗಿದೆ. ಖಾತೆಯಲ್ಲಿ ಎಷ್ಟಿದೆಯೆಂಬ ಉತ್ತರಕ್ಕೆ ವಾಯಿದೆ ಬಿದ್ದಿದೆ.